ಕಳಲೆಯ ಮನೆತನ ಮತ್ತು ಮೈಸೂರಿನ ರೀಜೆಂಟ್ ಮಹಾರಾಣಿ

ಅರಸು ಇನ್ನೂ ಎಳೆಯನಾಗಿದ್ದಾಗ ಅಥವಾ ಆಳಲು ಅಶಕ್ತನಾಗಿದ್ದಾಗ ಅವನ ಹೆಸರಿನಲ್ಲಿ ರಾಜ್ಯಭಾರ ನಡೆಸುವ ಅಧಿಕಾರಕ್ಕೆ ರೀಜೆನ್ಸಿ ಎಂದೂ, ಅದನ್ನು ಹೊತ್ತವರಿಗೆ ರೀಜೆಂಟ್ ಅಥವಾ ರಾಜಪ್ರತಿನಿಧಿ ಎಂದೂ ಹೆಸರು. ಇಂದಿನ ಚಿಕ್ಕಮಗಳೂರು ಜಿಲ್ಲೆಯನ್ನು ಕಡೂರು ಜಿಲ್ಲೆಯೆಂದು ಕರೆಯುತ್ತಿದ್ದ ಕಾಲದಲ್ಲಿ, ಆಲ್ದೂರು, ವಸ್ತಾರೆ, ಮೂಡಿಗೆರೆ, ಕಳಸಗಳ ಕಾಫಿ ಸೀಮೆಯೆಲ್ಲ ಮೈಸೂರು ಸಂಸ್ಥಾನದ ಆಳ್ವಿಕೆಯಲ್ಲಿದ್ದಾಗ, 1895ರಿಂದ 1902ರವರೆಗೆ ಆ ಸಂಸ್ಥಾನವನ್ನು ರೀಜೆಂಟರಾಗಿ ಆಳಿದವರು ಮಹಾರಾಣಿ ಕೆಂಪನಂಜಮ್ಮಣ್ಣಿಯವರು. ‘ವಾಣೀವಿಲಾಸ ಸನ್ನಿಧಾನ’ ಎಂಬ ಬಿರುದಿನಿಂದಲೇ ಹೆಚ್ಚು ಪರಿಚಿತರಾದ ಈ ಮಹಾರಾಣಿಯ ಆಳ್ವಿಕೆಯನ್ನು, ಅವರು ಹುಟ್ಟಿದ ಕಳಲೆಯ ಮನೆತನದ ಚರಿತ್ರೆಯನ್ನು ಬಿಟ್ಟು ಅರ್ಥಮಾಡಿಕೊಳ್ಳಲಾಗದು.

ಅರಸನಿಗೆ ಹೆಣ್ಣು ಕೊಟ್ಟ ಮನೆತನವೇ ಅರಸನ ಪರವಾಗಿ ರಾಜ್ಯವಾಳುವ ಪದ್ಧತಿಗೆ ಜಗತ್ತಿನ ಚರಿತ್ರೆಯಲ್ಲಿ ಬಹು ದೀರ್ಘವಾದ ಉದಾಹರಣೆಯೊಂದು ಸಿಗುವುದು ಜಪಾನಿನಲ್ಲಿ. ಅಲ್ಲಿನ ಫುಜಿವಾರ ಮನೆತನದವರು 9ನೇ ಶತಮಾನದಿಂದ ಚಕ್ರವರ್ತಿಗಳಿಗೆ ತಮ್ಮ ಹೆಣ್ಣುಮಕ್ಕಳನ್ನು ಕೊಟ್ಟು, ಹುಟ್ಟಿದ ಮೊಮ್ಮಕ್ಕಳನ್ನು ಎಳೆಯ ವಯಸ್ಸಿನಲ್ಲೇ ಪಟ್ಟಕ್ಕೇರಿಸಿ, ತಾವು ರಾಜ್ಯದ ಸೂತ್ರ ಹಿಡಿಯುತ್ತಿದ್ದರು. ಬಾಲಕ ಚಕ್ರವರ್ತಿಯ ಪರವಾಗಿ ಆಳುವವನಿಗೆ ‘ಸೆಶ್ಶೋ’ ಎಂದೂ, ಪ್ರಾಯಕ್ಕೆ ಬಂದ ಚಕ್ರವರ್ತಿಯ ಪರವಾಗಿ ಆಳುವವನಿಗೆ ‘ಕಂಪಾಕು’ ಎಂದೂ ಹೆಸರಿತ್ತು. ಈ ಮನೆತನದ ಮಿಚಿನಾಗನ (966–1028) ನಾಲ್ವರು ಹೆಣ್ಣುಮಕ್ಕಳು ಚಕ್ರವರ್ತಿಗಳ ಅಂತಃಪುರ ಸೇರಿದರು, ಮೂವರು ಮೊಮ್ಮಕ್ಕಳು ಸಿಂಹಾಸನವೇರಿದರು. ಪ್ರಾಯಕ್ಕೆ ಬಂದ ಅರಸನಿಗೂ ರಾಜಪ್ರತಿನಿಧಿಯೊಬ್ಬ ಬೇಕೆಂಬ ನಿಯಮವೇ ಈ ವ್ಯವಸ್ಥೆಯ ತಿರುಳು. ಅಧಿಕಾರ ಒಮ್ಮೆ ಕೈಗೆ ಬಂದ ಮೇಲೆ ಅದನ್ನು ಹಿಂದಿರುಗಿಸುವ ಪ್ರಮೇಯವೇ ಅಲ್ಲಿ ಬರುತ್ತಿರಲಿಲ್ಲ.

ಮೈಸೂರಿನಲ್ಲಿ ಇಂಥದೇ ಸ್ಥಾನಕ್ಕೇರಿದವರು ನಂಜನಗೂಡು ಸೀಮೆಯ ಕಳಲೆಯ ಅರಸು ಮನೆತನದವರು. ಒಡೆಯರ ಮನೆಗೆ ಹೆಣ್ಣು ಕೊಟ್ಟು ತಂದು ಮಾಡುತ್ತಿದ್ದ ಈ ನೆಂಟರಿಗೇ ದಳವಾಯಿಯ, ಎಂದರೆ ಸೇನೆಯ ಮುಖ್ಯಸ್ಥನ ಪದವಿಯೂ 17ನೇ ಶತಮಾನದಿಂದ ಹೆಚ್ಚಾಗಿ ಸಲ್ಲುತ್ತ ಬಂದಿತು. ಬಲಿಷ್ಠ ಅರಸರಿದ್ದಾಗ ಇದರಿಂದ ರಾಜ್ಯಕ್ಕೆ ಬಲವೇ ಬಂದರೂ, ಚಿಕ್ಕದೇವರಾಜ ಒಡೆಯರ ನಂತರ ಬಂದವರು ದುರ್ಬಲರಾದಾಗ ತಕ್ಕಡಿ ದಳವಾಯಿಗಳ ಕಡೆಗೆ ವಾಲಿತು. ತಮ್ಮ ಹಿಡಿತಕ್ಕೆ ಸಿಗದೆ ಸ್ವತಂತ್ರವಾಗಿ ಆಳಲು ಹೊರಟ ಚಾಮರಾಜ ಒಡೆಯರನ್ನು ದಳವಾಯಿ ದೇವರಾಜಯ್ಯ ಮತ್ತು ಅವನ ಕಡೆಯವರು 1734ರಲ್ಲಿ ಪದಚ್ಯುತಗೊಳಿಸಿ ಕಬ್ಬಾಳದುರ್ಗದ ಸೆರೆಗೆ ಕಳುಹಿಸಿದರು. ಅರಸರು ಅಲ್ಲೇ ತೀರಿಕೊಂಡರು. ಅವರ ಜಾಗದಲ್ಲಿ ಎಳೆಯ ಬಾಲಕ ಇಮ್ಮಡಿ ಕೃಷ್ಣರಾಜರನ್ನು ಕೂರಿಸಲಾಯಿತು. ಮುಂದೆ ದೇವರಾಜಯ್ಯನ ತಮ್ಮ ಕರಾಚೂರಿ ನಂಜರಾಜಯ್ಯ ತನ್ನ ಮಗಳನ್ನೇ ಆ ಅರಸನಿಗೆ ಕೊಟ್ಟು ಮಾವನೂ ಆದನು. ‘ಕಕುದ್ಗಿರಿ ಮಾಹಾತ್ಮ್ಯ’ ಮೊದಲಾದ ಕನ್ನಡ ಗ್ರಂಥಗಳನ್ನು ಬರೆದ, ಕವಿಗಳಿಗೆ ಆಶ್ರಯವಿತ್ತ ನಂಜರಾಜಯ್ಯನ ವಿದ್ವತ್ತನ್ನು ಯಾರೂ ಅಲ್ಲಗಳೆಯುವಂತಿಲ್ಲ. ಆದರೆ ತಿರುಚಿನಾಪಳ್ಳಿಯ ಯುದ್ಧಕ್ಕಾಗಿ ಅವನು ಬೊಕ್ಕಸವನ್ನು ಬರಿದುಮಾಡಿದ್ದು, ಅರಸನಿಗೂ ದಳವಾಯಿಗಳಿಗೂ ಬಿದ್ದ ಬಿರುಕಿನ ನಡುವೆ ಹೈದರಾಲಿ ಮೇಲೇರಿ 1761ರಲ್ಲಿ ಅಧಿಕಾರವನ್ನೆಲ್ಲ ಕೈಗೆ ತೆಗೆದುಕೊಂಡದ್ದು, ನಂಜರಾಜಯ್ಯನ ಪದವಿಯನ್ನೂ ಒಡೆಯರ ಅಧಿಕಾರವನ್ನೂ ಒಟ್ಟಿಗೇ ಮುಳುಗಿಸಿದವು.

1799ರಲ್ಲಿ ಟಿಪ್ಪುವಿನ ಪತನದ ನಂತರ ಐದು ವರ್ಷದ ಮುಮ್ಮಡಿ ಕೃಷ್ಣರಾಜರಿಗೆ ಪಟ್ಟವಾದಾಗ ರಾಣಿ ಲಕ್ಷ್ಮಮ್ಮಣ್ಣಿಯವರು ಅರಮನೆಯ ಹಿರಿಯರಾಗಿದ್ದರು, ದಿವಾನ್ ಪೂರ್ಣಯ್ಯನವರು ರೀಜೆಂಟರಂತೆ 1811ರವರೆಗೆ ಆಡಳಿತ ನಡೆಸಿದರು. ಯಳಂದೂರು ಜಹಗೀರು ಪೂರ್ಣಯ್ಯನವರ ಸಂತತಿಗೆ ಬಂದದ್ದು ಆ ಸೇವೆಗಾಗಿಯೇ.

ಕಳಲೆ ನರಸರಾಜೇ ಅರಸಿನವರ ಮಗಳಾಗಿ 1866ರಲ್ಲಿ ಹುಟ್ಟಿದ ಕೆಂಪನಂಜಮ್ಮಣ್ಣಿಯವರು 1878ರಲ್ಲಿ ಚಾಮರಾಜೇಂದ್ರ ಒಡೆಯರ ಕೈಹಿಡಿದು, ಇಬ್ಬರು ಗಂಡುಮಕ್ಕಳಿಗೂ ಮೂವರು ಹೆಣ್ಣುಮಕ್ಕಳಿಗೂ ತಾಯಿಯಾದರು. 1894ರ ಡಿಸೆಂಬರ್ 28ರಂದು, ಪ್ರವಾಸದಲ್ಲಿದ್ದ ಮಹಾರಾಜರು ಕಲ್ಕತ್ತೆಯಲ್ಲಿ ಗಂಟಲಮಾರಿ ರೋಗದಿಂದ (ಡಿಫ್ತೀರಿಯ) ತೀರಿಕೊಂಡಾಗ ಅವರಿಗೆ ಇನ್ನೂ 31 ವರ್ಷ, ಹಿರಿಯ ಮಗ ಕೃಷ್ಣರಾಜರಿಗೆ ಹತ್ತು ವರ್ಷ. ನಡುವೆ ಬ್ರಿಟಿಷರ ನೇರ ಆಡಳಿತಕ್ಕೆ ಹೋಗಿದ್ದ ಸಂಸ್ಥಾನವನ್ನು ಮರಳಿ ಪಡೆದು 14 ವರ್ಷಗಳೂ ತುಂಬಿರಲಿಲ್ಲವಾದ್ದರಿಂದ, ಈ ಸಂಧಿಕಾಲದಲ್ಲಿ ಆಡಳಿತ ಎಡವಿದರೆ ರಾಜ್ಯ ಮತ್ತೆ ಬ್ರಿಟಿಷರ ಕೈಗೆ ಹೋಗುವ ಭಯ ನಿಜವಾಗಿಯೇ ಇತ್ತು. 28ರ ಹರೆಯದ ವಿಧವೆ ತಾಯಿ, ಅಂತಃಪುರದ ಮರ್ಯಾದೆಯನ್ನು ಬಿಡದೆಯೇ, ರೀಜೆಂಟ್ ಪದವಿಯನ್ನು ಒಪ್ಪಿಕೊಂಡರು.

ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರೂ ಕೆಲವು ಸದಸ್ಯರೂ ಇದ್ದ ಕೌನ್ಸಿಲ್ ದೈನಂದಿನ ಆಡಳಿತವನ್ನು ನೋಡಿಕೊಳ್ಳುತ್ತಿತ್ತು. ಆ ಸದಸ್ಯರಲ್ಲೊಬ್ಬರಾದ ಪಿ.ಎನ್. ಕೃಷ್ಣಮೂರ್ತಿಯವರು ಪೂರ್ಣಯ್ಯನವರ ವಂಶಜರು, 1901ರಲ್ಲಿ ದಿವಾನರೂ ಆದವರು; ಹೀಗೆ ಹಳೆಯ ರೀಜೆಂಟರ ಕುಡಿಯೊಂದು ಹೊಸ ರೀಜೆಂಟರ ಕೈಕೆಳಗೆ ದುಡಿಯಿತು. ಕಾಲವಂತೂ ಕಠಿಣವಾಗಿತ್ತು. 1897ರ ಫೆಬ್ರವರಿಯಲ್ಲಿ, ಹಿರಿಯ ಮಗಳು ಜಯಲಕ್ಷ್ಮಮ್ಮಣ್ಣಿಯವರ ಮದುವೆಯ ಸಂಭ್ರಮದ ನಡುವೆಯೇ ಹಳೆಯ ಮರದ ಅರಮನೆಗೆ ಬೆಂಕಿ ಬಿದ್ದಿತು. ಮಹಾರಾಣಿಯವರು ಅದೇ ವರ್ಷ ವಾಸ್ತುಶಿಲ್ಪಿ ಹೆನ್ರಿ ಇರ್ವಿನ್‌ಗೆ ಹೊಸ ಅರಮನೆಯ ಹೊಣೆ ವಹಿಸಿದರು; ಇಂದು ಜಗತ್ತು ನೋಡುವ, 1912ರಲ್ಲಿ ಮುಗಿದ ಅರಮನೆ ಅದೇ. ಬೆಂಕಿ ಬಿದ್ದ ಮರುವರ್ಷ ಪ್ಲೇಗು ಬೆಂಗಳೂರಿಗೂ ಮೈಸೂರಿಗೂ ಕಾಲಿಟ್ಟಿತು. ಇವುಗಳ ನಡುವೆಯೂ ಶಿವನಸಮುದ್ರದಲ್ಲಿ ಕಾವೇರಿಯಿಂದ ವಿದ್ಯುತ್ ಉತ್ಪಾದಿಸುವ ಯೋಜನೆ ನಿಲ್ಲಲಿಲ್ಲ. 1902ರ ಜೂನ್‌ನಲ್ಲಿ ಆ ವಿದ್ಯುತ್ತು ಸುಮಾರು 92 ಮೈಲು ದೂರದ ಕೋಲಾರದ ಚಿನ್ನದ ಗಣಿಗಳನ್ನು ತಲುಪಿತು.

ಕಾಫಿ ಸೀಮೆಗೂ ಅವು ಒಳ್ಳೆಯ ವರ್ಷಗಳಾಗಿರಲಿಲ್ಲ. ಬ್ರೆಜಿಲ್ ದೇಶದ ಮಿತಿಮೀರಿದ ಬೆಳೆಯಿಂದ ಜಗತ್ತಿನ ಮಾರುಕಟ್ಟೆಯಲ್ಲಿ ಕಾಫಿಯ ಬೆಲೆ ಕುಸಿದದ್ದು ಇದೇ ಅವಧಿಯಲ್ಲಿ. ಆದರೆ ಮಹಾರಾಣಿಯವರ ಹೆಸರನ್ನು ಇಂದಿಗೂ ಹೊತ್ತಿರುವ ಅತಿ ದೊಡ್ಡ ಕಾಮಗಾರಿಗೆ ನೀರು ಒದಗಿಸಿದ್ದು ಚಿಕ್ಕಮಗಳೂರು ಜಿಲ್ಲೆಯ ಬೆಟ್ಟಗಳೇ. ಬಾಬಾಬುಡನ್‌ಗಿರಿ ಶ್ರೇಣಿಯಲ್ಲಿ ಹುಟ್ಟುವ ವೇದಾ ಹಳ್ಳವು ಸಖರಾಯಪಟ್ಟಣದ ಬಳಿಯ ಅಯ್ಯನಕೆರೆಯನ್ನೂ, ಅವತಿ ಹಳ್ಳವು ಮದಗದ ಕೆರೆಯನ್ನೂ ತುಂಬಿಸಿ, ಕಡೂರಿನ ಹತ್ತಿರ ಕೂಡಿ ವೇದಾವತಿಯಾಗಿ ಬಯಲುಸೀಮೆಗೆ ಇಳಿಯುತ್ತವೆ. ಚಿತ್ರದುರ್ಗದ ಬರನಾಡಿನಲ್ಲಿ, ಎರಡು ಗುಡ್ಡಗಳು ಹತ್ತಿರ ಬರುವ ಮಾರಿಕಣಿವೆ ಎಂಬ ಇಕ್ಕಟ್ಟಾದ ಜಾಗದಲ್ಲಿ ಈ ನದಿಗೆ ಅಡ್ಡಲಾಗಿ 1898ರಲ್ಲಿ ಆರಂಭವಾದ ಕಲ್ಲಿನ ಅಣೆಕಟ್ಟು 1907ರಲ್ಲಿ ಮುಗಿದು, ಅದರ ಹಿಂದಿನ ಜಲಾಶಯ ವಾಣೀವಿಲಾಸ ಸಾಗರವಾಯಿತು. ಸುಮಾರು 30 ಟಿಎಂಸಿ ನೀರು ಹಿಡಿಯುವ ಇಷ್ಟು ದೊಡ್ಡ ಜಲಾಶಯವನ್ನು ಮಳೆ ಕಡಿಮೆ ಬೀಳುವ ಸೀಮೆಗೆಂದು, ಬರ ಮತ್ತು ರೋಗಗಳ ಖರ್ಚಿನ ನಡುವೆಯೇ ಕೈಗೆತ್ತಿಕೊಂಡದ್ದು, ಮಗನಿಗೆ ಒಪ್ಪಿಸಬೇಕಾದ ರಾಜ್ಯವನ್ನು ಸುಮ್ಮನೆ ಕಾದುಕೊಂಡಿರುವವರು ಮಾಡುವ ಕೆಲಸವಲ್ಲ.

ಮಗನ ಶಿಕ್ಷಣದ ವಿಷಯದಲ್ಲಿ ಮಹಾರಾಣಿಯವರು ತೋರಿದ ಎಚ್ಚರವೂ ಅಂಥದೇ. ಸ್ಟೂವರ್ಟ್ ಫ್ರೇಸರ್ ಎಂಬ ಅಧಿಕಾರಿ ಎಳೆಯ ಅರಸರಿಗೆ ಆಡಳಿತ ಮತ್ತು ಕಾನೂನನ್ನು ಕಲಿಸಿದರೆ, ಅರಮನೆಯಲ್ಲಿ ಸಂಸ್ಕೃತ, ಕನ್ನಡ, ಸಂಗೀತಗಳ ಪಾಠವೂ ನಡೆಯುತ್ತಿತ್ತು. ಕೃಷ್ಣರಾಜರಿಗೆ 18 ತುಂಬಿದ ಎರಡೇ ತಿಂಗಳಲ್ಲಿ, 1902ರ ಆಗಸ್ಟ್ 8ರಂದು, ಜಗನ್ಮೋಹನ ಅರಮನೆಯಲ್ಲಿ ವೈಸ್‌ರಾಯ್ ಲಾರ್ಡ್ ಕರ್ಜನ್ ಈ ಅರಸರಿಗೆ ಪೂರ್ಣಾಧಿಕಾರ ವಹಿಸಿಕೊಟ್ಟರು; ಮಹಾರಾಣಿಯವರ ರೀಜೆನ್ಸಿ ಅಂದಿಗೆ ಮುಗಿಯಿತು. ಕಳಲೆಯ ಗಂಡಸರು ಅರಸರಿಂದ ಕಿತ್ತುಕೊಂಡ ಅಧಿಕಾರವನ್ನು ಸಾಯುವತನಕ ಅಥವಾ ಸೋಲುವತನಕ ಬಿಟ್ಟುಕೊಡಲಿಲ್ಲ. ಅದೇ ಮನೆಯ ಮಗಳು ತನಗೆ ಒಪ್ಪಿಸಿದ್ದನ್ನು ಹೊತ್ತಿಗೆ ಸರಿಯಾಗಿ ಹಿಂದಿರುಗಿಸಿದರು. ಮೈಸೂರಿನ ಚರಿತ್ರೆ ಬರೆಯುವವರು ದಿವಾನರ ಸಾಧನೆಗಳ ಪಟ್ಟಿಯಲ್ಲಿ ಈ ಏಳು ವರ್ಷಗಳನ್ನು ಕರಗಿಸಿಬಿಡುವುದು ನ್ಯಾಯವಲ್ಲ.

ಆ ಮನೆತನ ಅಲ್ಲಿಗೆ ಮರೆಯಾಗಲಿಲ್ಲ. ಬೆಂಕಿ ಬಿದ್ದ ವರ್ಷ ಜಯಲಕ್ಷ್ಮಮ್ಮಣ್ಣಿಯವರನ್ನು ಮದುವೆಯಾದವರು, ಸೋದರಮಾವನಿಗೆ ಹೆಣ್ಣು ಕೊಡುವ ಪದ್ಧತಿಯಂತೆ, ಮಹಾರಾಣಿಯವರ ತಮ್ಮ ಎಂ. ಕಾಂತರಾಜೇ ಅರಸಿನವರೇ; ಅವರು 1919ರಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರ ನಂತರ ದಿವಾನರಾಗಿ 1922ರವರೆಗೆ ಆಡಳಿತ ನಡೆಸಿದರು. ಅಧಿಕಾರ ಬಿಟ್ಟ ಮೇಲೆ ಮೂರು ದಶಕಗಳಿಗೂ ಹೆಚ್ಚು ಕಾಲ ಬದುಕಿದ ಕೆಂಪನಂಜಮ್ಮಣ್ಣಿಯವರು 1934ರಲ್ಲಿ ತೀರಿಕೊಂಡರು. ಅದಕ್ಕೆ ಹಿಂದಿನ ವರ್ಷವಷ್ಟೇ ವಾಣೀವಿಲಾಸ ಸಾಗರ ಮೊದಲ ಬಾರಿಗೆ ತುಂಬಿ ಕೋಡಿ ಹರಿದಿತ್ತು. ಅದು ಮತ್ತೆ ಹಾಗೆ ತುಂಬಿದ್ದು 89 ವರ್ಷಗಳ ನಂತರ, 2022ರಲ್ಲಿ.