ತೌಡಿನ ಮೇಲೆ ಬೆಳೆವ ಬೂಷ್ಟು, ರಕ್ತದ ಕೊಬ್ಬು

ಬೂಷ್ಟಿಗೂ ಕೊಬ್ಬು ಬೇಕು. ನಮ್ಮ ಜೀವಕೋಶದ ಪೊರೆಗೆ ಕೊಲೆಸ್ಟೆರಾಲ್ ಹೇಗೋ ಹಾಗೆ ಶಿಲೀಂಧ್ರದ ಪೊರೆಗೆ ಎರ್ಗೋಸ್ಟೆರಾಲ್. ಎರಡೂ ತಯಾರಾಗುವ ಹಾದಿ ಬಹುದೂರದವರೆಗೆ ಒಂದೇ. ಹಾಗಿದ್ದರೆ, ಎದುರಾಳಿ ಜೀವಿಗಳನ್ನು ಸೋಲಿಸಲು ಈ ಹಾದಿಗೇ ಅಡ್ಡಗಟ್ಟುವ ವಸ್ತುವನ್ನು ಯಾವುದಾದರೂ ಶಿಲೀಂಧ್ರ ಸ್ರವಿಸುತ್ತಿರಬಹುದಲ್ಲವೇ? ಜಪಾನಿನ ಸಾಂಕ್ಯೋ ಕಂಪನಿಯ ಅಕಿರಾ ಎಂಡೊ ಕೇಳಿಕೊಂಡ ಪ್ರಶ್ನೆ ಇದು. ಹಣ್ಣಿನ ರಸ ತಿಳಿಯಾಗಿಸುವ ಕಿಣ್ವಗಳನ್ನು ಶಿಲೀಂಧ್ರಗಳಲ್ಲಿ ಹುಡುಕಿ ಪಳಗಿದ್ದ ಅವರು 1971ರಲ್ಲಿ ಈ ಶೋಧಕ್ಕಿಳಿದರು. ಸುಮಾರು 6,000 ತಳಿಗಳನ್ನು ಜಾಲಾಡಿದ ಮೇಲೆ, ಅಕ್ಕಿಯಲ್ಲಿ ಬೆಳೆದಿದ್ದ ಪೆನಿಸಿಲಿಯಂ ಸಿಟ್ರಿನಂ ಎಂಬ ಬೂಷ್ಟಿನಲ್ಲಿ 1973ರಲ್ಲಿ ಅಂಥ ವಸ್ತು ಕಾಂಪ್ಯಾಕ್ಟಿನ್ ಸಿಕ್ಕಿತು.

ಕೊಲೆಸ್ಟೆರಾಲ್ ತಯಾರಿಕೆಯ ವೇಗವನ್ನು ನಿರ್ಧರಿಸುವ ಕಿಣ್ವ ಎಚ್‌ಎಂಜಿ-ಕೋಎ ರಿಡಕ್ಟೇಸ್. ಕಾಂಪ್ಯಾಕ್ಟಿನ್‌ನ ಒಂದು ತುದಿ ಆ ಕಿಣ್ವ ಹಿಡಿಯಬೇಕಾದ ಕಚ್ಚಾವಸ್ತುವನ್ನೇ ಹೋಲುತ್ತದೆ; ಹೋಗಿ ಅದರ ಜಾಗದಲ್ಲಿ ಕೂರುತ್ತದೆ. ತಯಾರಿಕೆ ಕುಂದಿ ಒಳಗೆ ಕೊಲೆಸ್ಟೆರಾಲ್ ಕೊರತೆಯಾದಾಗ ಯಕೃತ್ತಿನ ಕೋಶಗಳು ಹೊರಗೆ ಹೆಚ್ಚು ಗ್ರಾಹಕಗಳನ್ನು ಚಾಚಿ, ರಕ್ತದಲ್ಲಿ ಕೊಲೆಸ್ಟೆರಾಲ್ ಹೊತ್ತು ಸಾಗುವ ಎಲ್‌ಡಿಎಲ್ ಕಣಗಳನ್ನು ಒಳಗೆಳೆದುಕೊಳ್ಳುತ್ತವೆ.

ಇಲಿಗಳಲ್ಲಿ ಮಾತ್ರ ಇದು ನಡೆಯಲಿಲ್ಲ. ಅವುಗಳ ಯಕೃತ್ತು ಅದೇ ಕಿಣ್ವವನ್ನು ಮತ್ತಷ್ಟು ತಯಾರಿಸಿಕೊಂಡು ಔಷಧವನ್ನು ಮೀರಿಬಿಡುತ್ತಿತ್ತು. ಅಲ್ಲಿಗೇ ಕೈಬಿಟ್ಟಿದ್ದರೆ ಆಶ್ಚರ್ಯವಿರಲಿಲ್ಲ. ಎಂಡೊ ಮೊಟ್ಟೆಯಿಡುವ ಕೋಳಿಗಳತ್ತ ತಿರುಗಿದರು: ಮೊಟ್ಟೆಯ ಹಳದಿಯ ತುಂಬ ಕೊಲೆಸ್ಟೆರಾಲ್ ಇದ್ದಮೇಲೆ ಕೋಳಿಯ ದೇಹದಲ್ಲಿ ಅದರ ತಯಾರಿಕೆ ಜೋರಾಗಿರಲೇಬೇಕು. 1976ರಲ್ಲಿ ಕೋಳಿಗಳ ರಕ್ತದ ಕೊಲೆಸ್ಟೆರಾಲ್ ಇಳಿಯಿತು. ಪ್ರಯೋಗಕ್ಕೆ ಸರಿಯಾದ ಪ್ರಾಣಿಯನ್ನು ಆರಿಸುವುದೂ ಒಂದು ಸಂಶೋಧನೆಯೇ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಕಾಂಪ್ಯಾಕ್ಟಿನ್ ಔಷಧದಂಗಡಿ ತಲುಪಲಿಲ್ಲ. ಮೆವಾಸ್ಟಾಟಿನ್ ಎಂಬ ಹೆಸರಿನಲ್ಲಿ ಪ್ರಯೋಗಾಲಯಗಳಲ್ಲಿ ಉಳಿಯಿತು. ಅದಕ್ಕಿಂತ ಒಂದೇ ಒಂದು ಮೀಥೈಲ್ ಗುಂಪು ಹೆಚ್ಚಿರುವ ಲೋವಾಸ್ಟಾಟಿನ್ ಅನ್ನು ಮರ್ಕ್ ಕಂಪನಿ ಆಸ್ಪರ್ಜಿಲಸ್ ಟೆರಿಯಸ್ ಶಿಲೀಂಧ್ರದಿಂದ ಪಡೆಯಿತು. 1987ರಲ್ಲಿ ಅಮೆರಿಕ ಅದಕ್ಕೆ ಒಪ್ಪಿಗೆ ನೀಡಿತು.

ಬೆಂಗಳೂರು ಈ ಕಥೆಯೊಳಗೆ ಬರುವುದೂ ಕಿಣ್ವಗಳ ಬಾಗಿಲಿನಿಂದಲೇ. ಕಿರಣ್ ಮಜುಂದಾರ್ ಶಾ 1978ರಲ್ಲಿ ಆರಂಭಿಸಿದ ಬಯೋಕಾನ್ ಮೊದಲು ತಯಾರಿಸಿದ್ದು ಪಪ್ಪಾಯಿಯ ಪಪೇನ್ ಮತ್ತು ಬಿಯರ್ ತಿಳಿಗೊಳಿಸಲು ಬಳಸುವ, ಮೀನಿನ ಗಾಳಿಚೀಲದಿಂದ ತೆಗೆದ ಐಸಿಂಗ್ಲಾಸ್. ಲೋವಾಸ್ಟಾಟಿನ್ ತಯಾರಿಕೆಗೆ 2001ರಲ್ಲಿ ಅಮೆರಿಕದ ಔಷಧ ನಿಯಂತ್ರಕ ಸಂಸ್ಥೆ ಎಫ್‌ಡಿಎ ಒಪ್ಪಿಗೆ ಪಡೆದ ಮೊದಲ ಭಾರತೀಯ ಕಂಪನಿ ಅದು.

ಅದೇ ವರ್ಷ, ಶಿಲೀಂಧ್ರ ಬೆಳೆಸಲು ಬಯೋಕಾನ್ ರೂಪಿಸಿದ ‘ಪ್ಲಾಫ್ರಾಕ್ಟರ್’ ಯಂತ್ರಕ್ಕೆ ಅಮೆರಿಕದ ಪೇಟೆಂಟ್ ದೊರೆಯಿತು. ಶಿಲೀಂಧ್ರಗಳನ್ನು ನೀರಿನ ತೊಟ್ಟಿಯಲ್ಲಲ್ಲದೆ ಗೋಧಿ ತೌಡಿನಂಥ ಒದ್ದೆ ಘನವಸ್ತುವಿನ ಮೇಲೂ ಬೆಳೆಸಬಹುದು. ಹಾಗೆ ಬೆಳೆಸುವಾಗಿನ ದೊಡ್ಡ ತಲೆನೋವು ಬಿಸಿ. ಬಣವೆಯೊಳಗಿನ ಹಸಿ ಹುಲ್ಲಿನಂತೆ ರಾಶಿಯ ನಡುಭಾಗ ಕಾವೇರಿ, ಬೂಷ್ಟು ತನ್ನ ಬಿಸಿಗೆ ತಾನೇ ಸೊರಗುತ್ತದೆ. ಈ ಯಂತ್ರದಲ್ಲಿ ತೌಡು ಒಂದರ ಮೇಲೊಂದು ಜೋಡಿಸಿದ ತಟ್ಟೆಗಳಲ್ಲಿರುತ್ತದೆ. ತಟ್ಟೆಗಳೊಳಗಿನ ಕಾಲುವೆಗಳಲ್ಲಿ ಹರಿಯುವ ದ್ರವ ಬಿಸಿಯನ್ನು ಹೊತ್ತೊಯ್ಯುತ್ತದೆ. ಕ್ರಿಮಿಶುದ್ಧಿ, ಬೀಜಾಣು ಬಿತ್ತನೆ, ಹುದುಗು, ಕೊನೆಗೆ ಬೇಕಾದ ವಸ್ತುವನ್ನು ಬಸಿದು ತೆಗೆಯುವುದು ಎಲ್ಲವೂ ಮುಚ್ಚಿದ ಒಂದೇ ಪೆಟ್ಟಿಗೆಯಲ್ಲಿ.

ಕೊಲೆಸ್ಟೆರಾಲ್ ಇಳಿಸಲು ಇಂದು ಹೆಚ್ಚಾಗಿ ಬರೆದುಕೊಡುವ ಅಟೋರ್ವಾಸ್ಟಾಟಿನ್‌ಗೆ ಬೂಷ್ಟೇ ಬೇಕಿಲ್ಲ, ಅದು ಪೂರ್ತಿ ರಾಸಾಯನಿಕ ಸೃಷ್ಟಿ. ಅದೇ ಗುಂಪಿನ ಸಿಮ್ವಾಸ್ಟಾಟಿನ್ ಹಾಗಲ್ಲ, ಲೋವಾಸ್ಟಾಟಿನ್‌ನ ಅಡ್ಡಸರಪಳಿಯನ್ನು ಬದಲಿಸಿಯೇ ಅದನ್ನು ತಯಾರಿಸುತ್ತ ಬಂದಿದ್ದಾರೆ.