ಒಂದು ಮಿಲಿಮೀಟರ್ ಕುಗ್ಗಿದ ಸಿಲಿಂಡರ್, 272 ಕಾರುಗಳು

1984ರ ಮಾರ್ಚ್‌ನಲ್ಲಿ ಜಿನೀವಾ ಮೋಟಾರ್ ಪ್ರದರ್ಶನದಲ್ಲಿ ಫೆರಾರಿ ಕಂಪನಿ ಹೊಸದೊಂದು ಕೆಂಪು ಕಾರನ್ನು ತಂದು ನಿಲ್ಲಿಸಿತು. ಕಂಪನಿ ಇಟ್ಟ ಹೆಸರು ಜಿಟಿಒ. 2.8 ಲೀಟರ್, 8 ಸಿಲಿಂಡರ್ ಎಂಬ ಲೆಕ್ಕದಲ್ಲಿ ಕಾರುಪ್ರಿಯರು ಅದನ್ನು 288 ಜಿಟಿಒ ಎಂದೇ ಕರೆಯುತ್ತಾರೆ. ತಯಾರಾದದ್ದು ಒಟ್ಟು 272. ಅಪರೂಪದ ಕಾರುಗಳ ವಿಷಯ ಬಂದಾಗ ಮಾತು ಇಂಥ ಸಂಖ್ಯೆಯಿಂದ ನೇರವಾಗಿ ಹರಾಜಿನ ಬೆಲೆಗೆ ಜಿಗಿಯುತ್ತದೆ. ಈ ಸಂಖ್ಯೆಯ ಮೂಲವನ್ನು ಹುಡುಕಿಕೊಂಡು ಹೋದರೆ ಮಾತ್ರ ಕಾರಿನ ಎಂಜಿನ್ ಹಾಗೇಕಿದೆ, ಉದ್ದ ಅಷ್ಟೇಕಿದೆ ಎಂಬುದೆಲ್ಲ ಒಂದೊಂದಾಗಿ ಬಿಚ್ಚಿಕೊಳ್ಳುತ್ತದೆ.

1982ರಲ್ಲಿ ಮೋಟಾರ್ ರೇಸಿಂಗ್‌ನ ಅಂತಾರಾಷ್ಟ್ರೀಯ ಆಡಳಿತ ಮಂಡಳಿ 'ಗ್ರೂಪ್ ಬಿ' ಎಂಬ ಹೊಸ ವರ್ಗವನ್ನು ಜಾರಿಗೆ ತಂದಿತು. ಅದರ ಮುಖ್ಯ ಷರತ್ತು ಸರಳ: ರೇಸಿಗಿಳಿಸುವ ಮಾದರಿಯ ಕಾರುಗಳನ್ನು 12 ತಿಂಗಳೊಳಗೆ ಕನಿಷ್ಠ 200 ತಯಾರಿಸಿರಬೇಕು. ಆಗ ಮಾತ್ರ ಮಾನ್ಯತೆ. ಜಿಟಿಒ ಎಂಬ ಹೆಸರಿನ ಕೊನೆಯ ಅಕ್ಷರ ಸೂಚಿಸುವುದೂ ಈ ಮಾನ್ಯತೆಯನ್ನೇ. 272ರ ಬೇರು ಆ 200ರಲ್ಲಿದೆ. ಕಡ್ಡಾಯದ ಸಂಖ್ಯೆ ಮುಗಿದ ಮೇಲೂ ಕೊಳ್ಳುವವರು ಸಾಲುಗಟ್ಟಿದ್ದರಿಂದ ಇನ್ನೂ 72 ಕಾರುಗಳು ಹೊರಬಂದವು.

ಅದೇ ನಿಯಮಾವಳಿ ಎಂಜಿನ್ನಿನ ಒಳಗೂ ಕೈಹಾಕಿತ್ತು. ಸಿಲಿಂಡರ್‌ಗಳ ಒಟ್ಟು ಗಾತ್ರ, ಅಂದರೆ ಸಿಸಿ, ಎಷ್ಟೆಂಬುದರ ಮೇಲೆ ಕಾರಿನ ಕನಿಷ್ಠ ತೂಕ ಮತ್ತು ಟೈರಿನ ಅಗಲ ನಿರ್ಧಾರವಾಗುತ್ತಿತ್ತು. ಟರ್ಬೊ ಅಳವಡಿಸಿದ ಎಂಜಿನ್ ತನ್ನ ಗಾತ್ರಕ್ಕೆ ಮೀರಿದ ಶಕ್ತಿ ಕೊಡುತ್ತದೆ. ಹಾಗಾಗಿ ಅದರ ಸಿಸಿಯನ್ನು 1.4ರಿಂದ ಗುಣಿಸಿ ನೋಡಬೇಕೆಂಬ ನಿಯಮವಿತ್ತು. ಫೆರಾರಿ ಕಣ್ಣಿಟ್ಟಿದ್ದು 4000 ಸಿಸಿ ಮಿತಿಯ ತರಗತಿಯ ಮೇಲೆ. ಅದನ್ನು ದಾಟಿದರೆ ಮುಂದಿನ ತರಗತಿ, ಅಲ್ಲಿ ಕಾರು ಇನ್ನಷ್ಟು ಭಾರವಿರಬೇಕು.

ಕೈಯಲ್ಲಿದ್ದದ್ದು ಫೆರಾರಿ 308ರ ವಿ8 ಎಂಜಿನ್. ಅದರ ಸಿಲಿಂಡರ್ ವ್ಯಾಸ 81 ಮಿ.ಮೀ., ಪಿಸ್ಟನ್ ಚಲಿಸುವ ದೂರ 71 ಮಿ.ಮೀ. ಎಂಟು ಸಿಲಿಂಡರ್ ಸೇರಿ 2927 ಸಿಸಿ. ಇದನ್ನು 1.4ರಿಂದ ಗುಣಿಸಿದರೆ 4098, ಮಿತಿಗಿಂತ 98 ಹೆಚ್ಚು. ಈಗ ವ್ಯಾಸವನ್ನು ಒಂದೇ ಒಂದು ಮಿಲಿಮೀಟರ್ ಇಳಿಸಿ, 80 ಮಾಡಿ ನೋಡಿ: 2855 ಸಿಸಿ. ಗುಣಿಸಿದರೆ 3997! ಮಿತಿಗೆ ಮೂರು ಸಿಸಿ ಬಾಕಿ. ಜಿಟಿಒ ಎಂಜಿನ್ನಿನ ಗಾತ್ರ ಸರಿಯಾಗಿ ಅದೇ 2855 ಸಿಸಿ. ಈ ಗುಣಾಕಾರವನ್ನು ಕಾಗದದ ಮೇಲೆ ಮಾಡಿ ನೋಡಿದವರಿಗೆ ಆ ವಿಚಿತ್ರ ಅಂಕಿ ಮತ್ತೆಂದೂ ಮರೆಯದು.

ಹಾಗಾದರೆ 1.4 ಎಂಬ ಅಂಕಿ ನ್ಯಾಯವಾದದ್ದೇ? ಭೌತಶಾಸ್ತ್ರದ ಉತ್ತರ ಸ್ವಾರಸ್ಯಕರವಾಗಿದೆ. ಜಿಟಿಒದ ಎರಡು ಟರ್ಬೊಗಳು ಗಾಳಿಯನ್ನು ವಾತಾವರಣಕ್ಕಿಂತ ಸುಮಾರು 0.8 ಬಾರ್ ಹೆಚ್ಚು ಒತ್ತಡದಲ್ಲಿ ಎಂಜಿನ್ನಿಗೆ ತಳ್ಳುತ್ತಿದ್ದವು. ಒತ್ತಡ 1.8 ಪಟ್ಟಾಯಿತು ಎಂದ ಮಾತ್ರಕ್ಕೆ ಒಳಹೋಗುವ ಗಾಳಿಯೂ 1.8 ಪಟ್ಟಾಗುವುದಿಲ್ಲ. ಸೈಕಲ್ ಪಂಪಿನ ತುದಿ ಬಿಸಿಯಾಗುವ ಹಾಗೆ ಇಲ್ಲಿಯೂ ಒತ್ತಿದ ಗಾಳಿ ಕಾಯುತ್ತದೆ. ಕಾದ ಗಾಳಿ ಹಿಗ್ಗುತ್ತದೆ, ಅದೇ ಜಾಗದಲ್ಲಿ ಕಡಿಮೆ ಆಮ್ಲಜನಕ ಹಿಡಿಯುತ್ತದೆ. 25 ಡಿಗ್ರಿಯ ಗಾಳಿಯನ್ನು ಇಷ್ಟು ಒತ್ತಿದಾಗ, ಟರ್ಬೊದ ದಕ್ಷತೆ ಶೇ 70 ಎಂದಿಟ್ಟುಕೊಂಡರೆ, ಅದು ಸುಮಾರು 100 ಡಿಗ್ರಿಗೆ ಏರುತ್ತದೆ. ಆಗ ಗಾಳಿಯ ಸಾಂದ್ರತೆ ಹೆಚ್ಚುವುದು ಸುಮಾರು 1.43 ಪಟ್ಟು ಮಾತ್ರ. ನಿಯಮದ 1.4ಕ್ಕೆ ಇದು ಎಷ್ಟು ಹತ್ತಿರ!

ಆದರೆ ಟರ್ಬೊ ಮತ್ತು ಎಂಜಿನ್ನಿನ ನಡುವೆ ಇಂಟರ್‌ಕೂಲರ್ ಇಟ್ಟರೆ ಲೆಕ್ಕ ತಿರುಗಿಬೀಳುತ್ತದೆ. ಅದು ಗಾಳಿಯನ್ನು ಸುಮಾರು 50 ಡಿಗ್ರಿಗೆ ಇಳಿಸಿತೆನ್ನಿ, ಸಾಂದ್ರತೆ 1.66 ಪಟ್ಟಿಗೆ ಏರುತ್ತದೆ. ತೆರಿಗೆ 1.4ರದು, ಗಳಿಕೆ 1.66ರದು. 308ರ ಎಂಜಿನ್ ನಿಮಿಷಕ್ಕೆ 7000 ಸುತ್ತಿನಲ್ಲಿ ಕೊಡುತ್ತಿದ್ದುದು 240 ಅಶ್ವಶಕ್ತಿ. ಜಿಟಿಒ ಎಂಜಿನ್ ತುಸು ಚಿಕ್ಕದಾದರೂ ಅದೇ 7000 ಸುತ್ತಿನಲ್ಲಿ 400 ಕೊಟ್ಟಿತು. ಭಾಗಿಸಿ ನೋಡಿದರೆ 1.67 ಪಟ್ಟು. ಅಂದಾಜಿನ ಲೆಕ್ಕವೂ ಕಾರ್ಖಾನೆಯ ಅಂಕಿಯೂ ಇಷ್ಟು ಹತ್ತಿರ ಬಂದದ್ದರಲ್ಲಿ ಆಕಸ್ಮಿಕದ ಪಾಲೂ ಇದೆ. ಜಿಟಿಒದಲ್ಲಿ ಸಿಡಿತ ತಪ್ಪಿಸಲು ಸಂಕೋಚನ ಅನುಪಾತವನ್ನು 7.6ಕ್ಕೆ ಇಳಿಸಿದ್ದರು, ಅದರಿಂದ ಸ್ವಲ್ಪ ಶಕ್ತಿ ನಷ್ಟವಾಗಿತ್ತು. ಆದರೂ ಸಾಧನೆಯ ದಿಕ್ಕು ಸ್ಪಷ್ಟ. ಈ ಟರ್ಬೊ ಕೆಲಸದ ಹಿಂದಿದ್ದವರು ಎಂಜಿನಿಯರ್ ನಿಕೊಲಾ ಮಾತೆರಾತ್ಸಿ.

ಎರಡು ಟರ್ಬೊ, ಎರಡು ಇಂಟರ್‌ಕೂಲರ್ ಎಂದಮೇಲೆ ಜಾಗ ಬೇಕಲ್ಲ. 308ರಲ್ಲಿ ಎಂಜಿನ್ ಸೀಟುಗಳ ಹಿಂದೆ ಅಡ್ಡಲಾಗಿ ಕೂತಿತ್ತು. ಜಿಟಿಒದಲ್ಲಿ ಅದನ್ನು 90 ಡಿಗ್ರಿ ತಿರುಗಿಸಿ ಉದ್ದಕ್ಕೆ ಇಟ್ಟರು, ಗೇರ್‌ಬಾಕ್ಸ್ ಹಿಂದಕ್ಕೆ ಹೋಯಿತು. ಹೀಗಾಗಿ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರ 2340ರಿಂದ 2450 ಮಿ.ಮೀ.ಗೆ ಬೆಳೆಯಿತು. ಕಾರಿನ ಹೊರರೂಪ ಪಿನಿನ್‌ಫರೀನಾದ್ದು. ಹೊರಮೈಗೆ ಗಾಜುನಾರಿನ ಪ್ಲಾಸ್ಟಿಕ್, ಕೆವ್ಲಾರ್‌ಗಳನ್ನು ಬಳಸಿದ್ದರಿಂದ ದ್ರವಗಳನ್ನು ತುಂಬುವ ಮುಂಚಿನ ತೂಕ 1160 ಕೆ.ಜಿ.ಯಲ್ಲೇ ನಿಂತಿತು. ಕಂಪನಿ ಹೇಳಿದ ಗರಿಷ್ಠ ವೇಗ ಗಂಟೆಗೆ 305 ಕಿ.ಮೀ.

ಈ 272ರೊಳಗೆ ಒಂದಕ್ಕೂ ಇನ್ನೊಂದಕ್ಕೂ ಇರುವ ವ್ಯತ್ಯಾಸ ಕಡಿಮೆ. ಎಲ್ಲವೂ ಎಡಗಡೆ ಸ್ಟೀರಿಂಗಿನವು, ಹೆಚ್ಚುಕಡಿಮೆ ಎಲ್ಲವೂ ಕೆಂಪು. ಏರ್ ಕಂಡೀಷನ್, ರೇಡಿಯೊ, ವಿದ್ಯುತ್ ಕಿಟಕಿ ಬೇಕಾದವರು ಹೇಳಿ ಹಾಕಿಸಿಕೊಳ್ಳಬಹುದಿತ್ತು. ರೇಸಿಗೆಂದು ಹುಟ್ಟಿದ ಕಾರು ಒಂದೇ ಅಚ್ಚಿನದಾಗಿರಬೇಕಾದ್ದು ಸಹಜ.

ಎಣಿಕೆ ಮಾತ್ರ ಅಂದುಕೊಂಡಷ್ಟು ಸುಲಭವಲ್ಲ. ಮೊದಲ ಮತ್ತು ಕೊನೆಯ ಕಾರಿನ ಚಾಸಿ ಸಂಖ್ಯೆ ಕಳೆದರೆ ಉತ್ತರ ಸಿಗುವುದಿಲ್ಲ. ಆಗ ಫೆರಾರಿಯ ರಸ್ತೆ ಕಾರುಗಳೆಲ್ಲ ಒಂದೇ ಸರಣಿಯಲ್ಲಿ, ಅದೂ ಬೆಸ ಸಂಖ್ಯೆಗಳಲ್ಲಿ ಮಾತ್ರ, ನಂಬರ್ ಪಡೆಯುತ್ತಿದ್ದವು. ಒಂದು ಜಿಟಿಒಗೂ ಮುಂದಿನ ಜಿಟಿಒಗೂ ನಡುವೆ ಹಲವು 308, ಟೆಸ್ಟರೊಸಾ ಕಾರುಗಳ ನಂಬರ್ ಇರುತ್ತಿತ್ತು. ಸಾಲದೆಂಬಂತೆ 308ರ ಮೇಲೆ ಜಿಟಿಒ ರೂಪ ಹೊದಿಸಿದ ನಕಲುಗಳೂ ಲೋಕದಲ್ಲಿವೆ. ಹಿಂದಿನ ಮುಚ್ಚಳ ಎತ್ತಿದರೆ ಎಂಜಿನ್ ಅಡ್ಡವೋ ಉದ್ದವೋ ಕಂಡೇಬಿಡುತ್ತದೆ. ಚಕ್ರಗಳ ನಡುವೆ ಟೇಪು ಹಿಡಿದರೆ 110 ಮಿ.ಮೀ. ವ್ಯತ್ಯಾಸವೂ ಸಿಗಬಹುದು.

ಇಷ್ಟೆಲ್ಲ ಲೆಕ್ಕ ಹಾಕಿ ಕಟ್ಟಿದ ಕಾರು ಗ್ರೂಪ್ ಬಿ ರೇಸಿಗೆ ಇಳಿಯಲೇ ಇಲ್ಲ ಎಂಬುದು ನನ್ನನ್ನು ಇಂದಿಗೂ ಕಾಡುವ ಸಂಗತಿ. 1986ರ ಮೇ ತಿಂಗಳಲ್ಲಿ ಕಾರ್ಸಿಕಾ ದ್ವೀಪದ ರ‍್ಯಾಲಿಯಲ್ಲಿ ಗ್ರೂಪ್ ಬಿ ಕಾರಿನ ಚಾಲಕ ಹೆನ್ರಿ ಟೊಯ್ವೊನೆನ್ ಮತ್ತು ಸಹಚಾಲಕ ಸೆರ್ಜಿಯೊ ಕ್ರೆಸ್ಟೊ ಬೆಂಕಿಗೆ ಸಿಕ್ಕಿ ಸತ್ತರು. ಅದಕ್ಕೆ ಎರಡು ತಿಂಗಳು ಮೊದಲು ಪೋರ್ಚುಗಲ್‌ನಲ್ಲಿ ಕಾರು ಜನರ ಮೇಲೆ ನುಗ್ಗಿ ಪ್ರೇಕ್ಷಕರು ಸತ್ತಿದ್ದರು. ಗ್ರೂಪ್ ಬಿಯನ್ನು ನಿಲ್ಲಿಸಲಾಯಿತು. ನಿಯಮದ ಪ್ರಕಾರ ರೇಸಿಗೆಂದು ಇನ್ನೂ 20 ಸುಧಾರಿತ ಕಾರುಗಳನ್ನು ಮಾಡಬಹುದಿತ್ತು. ಆ 'ಎವೊಲುತ್ಸಿಯೊನೆ' ಮಾದರಿಯಲ್ಲಿ ಕೈಬೆರಳೆಣಿಕೆಯಷ್ಟು ಕಾರುಗಳು ಮಾತ್ರ ಹುಟ್ಟಿದವು. ಅವುಗಳ ಎಂಜಿನ್ 2855 ಸಿಸಿಯಲ್ಲೇ ಉಳಿದಿತ್ತು.

ಆ ಪ್ರಯೋಗದಿಂದಲೇ 1987ರಲ್ಲಿ ಎಫ್40 ಬಂತು. ಅದರ ಸಿಲಿಂಡರ್ ವ್ಯಾಸ 82 ಮಿ.ಮೀ., ಪಿಸ್ಟನ್ ಚಲನೆ 69.5 ಮಿ.ಮೀ., ಒಟ್ಟು 2936 ಸಿಸಿ. 1.4ರಿಂದ ಗುಣಿಸಿದರೆ 4110 ದಾಟುತ್ತದೆ. ಗ್ರೂಪ್ ಬಿ ಮುಗಿದಿತ್ತು, ಒಂದು ಮಿಲಿಮೀಟರ್ ಉಳಿಸುವ ಗರಜೂ ಮುಗಿದಿತ್ತು. 400 ಕಾರು ಮಾಡುವ ಯೋಜನೆ 1300 ದಾಟಿ ಹೋಯಿತು. ಇಷ್ಟು ಬೆಳೆದ ಸಂಖ್ಯೆಯೊಳಗೆ ಬಗೆಗಳೂ ಹುಟ್ಟಿಕೊಂಡವು: ಮೊದಲ ಕಾರುಗಳಿಗೆ ಜಾರಿಸುವ ಪ್ಲಾಸ್ಟಿಕ್ ಕಿಟಕಿ, ನಂತರದವಕ್ಕೆ ಹಿಡಿ ತಿರುಗಿಸಿ ಇಳಿಸುವ ಗಾಜು, ಹೊಗೆ ಶುದ್ಧಿ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಮೊದಲು ಇರಲಿಲ್ಲ, ಆಮೇಲೆ ಬಂತು, ಅಮೆರಿಕಕ್ಕೆ ಅಲ್ಲಿನ ಸುರಕ್ಷತಾ ಕಾನೂನಿಗೆ ಹೊಂದಿಸಿದ ಬೇರೆ ಬಂಪರ್.

ನಂತರದ ದಶಕಗಳಲ್ಲಿ ಫೆರಾರಿ ಸಂಖ್ಯೆಗೆ ತಾನೇ ಬೇಲಿ ಹಾಕಿಕೊಂಡಿತು. ಎಫ್50 ತಯಾರಾದದ್ದು 349. ಎನ್ಜೊ 399, ಅದರ ಮೇಲೊಂದು ಕಾರನ್ನು ದಾನಕಾರ್ಯಕ್ಕೆಂದು ಪೋಪ್ ಎರಡನೇ ಜಾನ್ ಪಾಲ್ ಅವರಿಗೆ ಕೊಡಲಾಯಿತು. 2024ರಲ್ಲಿ ಘೋಷಿಸಿದ ಎಫ್80ಕ್ಕೆ 799 ಎಂಬ ಮಿತಿ. ಅದರ ಟರ್ಬೊ ಎಂಜಿನ್ ಮೂರು ಲೀಟರ್‌ನದು, ಆರು ಸಿಲಿಂಡರಿನದು. ವಿದ್ಯುತ್ ಮೋಟಾರ್‌ಗಳ ನೆರವಿನಿಂದ ಒಟ್ಟು 1200 ಅಶ್ವಶಕ್ತಿ ಕೊಡುತ್ತದೆ. ಆ 799ರ ಹಿಂದೆ ಯಾವ ರೇಸಿನ ನಿಯಮವೂ ಇಲ್ಲ, ಎಷ್ಟು ಮಂದಿ ಕೊಳ್ಳಬಲ್ಲರು ಎಂಬ ಅಂದಾಜಷ್ಟೇ ಇದೆ.