ಶಾಲೆಗೆ ಕೋಣೆ ಕಟ್ಟುವ ಮುನ್ನ: ಅನುಮತಿಯ ಸುತ್ತ ಎಂಟು ತಪ್ಪು ಕಲ್ಪನೆಗಳು

ಹಳೆಯ ವಿದ್ಯಾರ್ಥಿಗಳು ಹಣ ಕೂಡಿಸಿದ್ದಾರೆ, ಶಾಸಕರ ನಿಧಿಯಿಂದ ಒಂದಿಷ್ಟು ಬರುವ ಭರವಸೆ ಇದೆ, ಮೇಸ್ತ್ರಿಯೂ ಸಿದ್ಧ. ಶಾಲೆಗೆ ಎರಡು ಕೋಣೆ ಸೇರಿಸುವ ಸಭೆ ಇಲ್ಲಿಯವರೆಗೆ ಸಲೀಸಾಗಿ ಸಾಗುತ್ತದೆ. ‘ಪರ್ಮಿಷನ್ ಕಥೆ ಏನು?’ ಎಂದು ಯಾರಾದರೂ ಕೇಳಿದರೆ ಮಾತ್ರ ಒಬ್ಬೊಬ್ಬರದು ಒಂದೊಂದು ಉತ್ತರ. ಪಂಚಾಯಿತಿ ಸಾಕು ಎನ್ನುವವರು, ಬಿಇಒ ಸಾಹೇಬರ ಸಹಿ ಸಾಕು ಎನ್ನುವವರು, ಶಾಲೆಗೆ ಅದೆಲ್ಲ ಯಾಕೆ ಎನ್ನುವವರು.

ಈ ಗೊಂದಲದ ಬೇರು ಒಂದೇ: ಅನುಮತಿ ಎಂದರೆ ಒಂದು ಕಾಗದ ಎಂಬ ಎಣಿಕೆ. ಜಾಗ ಯಾರದು, ಅಲ್ಲಿ ಎಷ್ಟು ಕಟ್ಟಬಹುದು, ಗೋಡೆ ಭಾರ ತಾಳುತ್ತದೆಯೇ, ಬೆಂಕಿ ಹೊತ್ತಿದರೆ ಮಕ್ಕಳು ಹೊರಗೆ ಬರಬಲ್ಲರೇ? ಈ ನಾಲ್ಕು ಪ್ರಶ್ನೆಗಳಿಗೆ ನಾಲ್ಕು ಕಡೆಯಿಂದ ಉತ್ತರ ಬರಬೇಕು. ಒಂದರ ಉತ್ತರ ಇನ್ನೊಂದಕ್ಕೆ ಸಲ್ಲುವುದಿಲ್ಲ.

ತಪ್ಪು ಕಲ್ಪನೆ 1: ಸರ್ಕಾರಿ ಶಾಲೆಗೆ ಶಾಲಾ ಸಮಿತಿಯ (ಎಸ್‌ಡಿಎಂಸಿ) ಠರಾವು ಇದ್ದರೆ ಸಾಕು.

ಸತ್ಯ: ಠರಾವು ಬೇಡಿಕೆಯ ಆರಂಭ, ಅಷ್ಟೆ. 2009ರ ಶಿಕ್ಷಣ ಹಕ್ಕು ಕಾಯ್ದೆ ಶಾಲಾ ಸಮಿತಿಗೆ ಅಭಿವೃದ್ಧಿ ಯೋಜನೆ ತಯಾರಿಸುವ ಹೊಣೆ ಕೊಟ್ಟಿದೆ. ಕಟ್ಟಡಕ್ಕೆ ಮಂಜೂರಾತಿ ಕೊಡುವ ಅಧಿಕಾರ ಕೊಟ್ಟಿಲ್ಲ. ಸರ್ಕಾರಿ ಹಣದ ಕಾಮಗಾರಿಯಾದರೆ ಮೊದಲು ಇಂಜಿನಿಯರ್ ಸ್ಥಳ ನೋಡಿ ಅಂದಾಜು ಪಟ್ಟಿ ಮಾಡಬೇಕು. ಅದಕ್ಕೆ ಆಡಳಿತಾತ್ಮಕ ಅನುಮೋದನೆ, ಬಳಿಕ ತಾಂತ್ರಿಕ ಮಂಜೂರಾತಿ, ಆಮೇಲೆ ಟೆಂಡರ್, ಕೊನೆಗೆ ಕಾರ್ಯಾದೇಶ. ಆಡಳಿತಾತ್ಮಕ ಅನುಮೋದನೆ ‘ಈ ಕೆಲಸ ಬೇಕು, ಇಷ್ಟು ಹಣವಿದೆ’ ಎನ್ನುತ್ತದೆ; ತಾಂತ್ರಿಕ ಮಂಜೂರಾತಿ ‘ಈ ನಕ್ಷೆ, ಈ ಲೆಕ್ಕ ಸರಿಯಿದೆ’ ಎನ್ನುತ್ತದೆ. ಕಾರ್ಯಾದೇಶಕ್ಕೆ ಮೊದಲೇ ಪಾಯ ತೆಗೆದರೆ ಆ ಕೆಲಸ ಅಳತೆ ಪುಸ್ತಕಕ್ಕೆ ಏರುವುದಿಲ್ಲ. ಅಳತೆ ಪುಸ್ತಕದಲ್ಲಿ ಇಲ್ಲದ ಕೆಲಸಕ್ಕೆ ಬಿಲ್ಲೂ ಇಲ್ಲ.

ತಪ್ಪು ಕಲ್ಪನೆ 2: ಜಾಗ ಹಿರಿಯರು ದಾನ ಕೊಟ್ಟದ್ದು, ಖಾತೆಯೂ ಇದೆ, ಇನ್ನೇನು ಬೇಕು?

ಸತ್ಯ: ಖಾತೆ ಕಂದಾಯದ ಲೆಕ್ಕ. ಅದು ಒಡೆತನದ ಪತ್ರವೂ ಅಲ್ಲ, ಕಟ್ಟುವ ಪರವಾನಗಿಯೂ ಅಲ್ಲ. ಇನ್ನು ದಾನ: ಆಸ್ತಿ ವರ್ಗಾವಣೆ ಕಾಯ್ದೆಯ 123ನೇ ಕಲಂ ಪ್ರಕಾರ ಸ್ಥಿರಾಸ್ತಿಯ ದಾನಕ್ಕೆ ನೋಂದಾಯಿತ ಪತ್ರ ಬೇಕು, ಇಬ್ಬರು ಸಾಕ್ಷಿಗಳ ಸಹಿ ಬೇಕು. ಬಾಯಿಮಾತಿನಲ್ಲಿ ಕೊಟ್ಟ ಜಾಗದಲ್ಲಿ ಶಾಲೆ ದಶಕಗಳಿಂದ ನಡೆಯುತ್ತಿರಬಹುದು, ಊರೆಲ್ಲ ಒಪ್ಪಿರಬಹುದು. ಪಹಣಿಯಲ್ಲಿ ಮಾತ್ರ ದಾನಿಯ ಹೆಸರೇ ಉಳಿದಿದ್ದರೆ, ಜಾಗದ ಬೆಲೆ ಏರಿದ ಮೇಲೆ ಮೊಮ್ಮಕ್ಕಳು ತಕರಾರು ತೆಗೆಯಲು ಅಷ್ಟೇ ಸಾಕು. ಕೃಷಿ ಜಮೀನಿನಲ್ಲಿ ಶಾಲೆ ಕಟ್ಟಲು ಹೊರಟ ಖಾಸಗಿ ಸಂಸ್ಥೆಗೆ ಇನ್ನೊಂದು ಮೆಟ್ಟಿಲು: 1964ರ ಭೂಕಂದಾಯ ಕಾಯ್ದೆಯ 95ನೇ ಕಲಂ ಅಡಿ ಭೂಪರಿವರ್ತನೆ.

ತಪ್ಪು ಕಲ್ಪನೆ 3: ಕೆಳಗಿನ ಅಂತಸ್ತಿಗೆ ಅನುಮತಿ ಇದೆ, ಮೇಲಿನದಕ್ಕೆ ಬೇರೆ ಬೇಕಿಲ್ಲ.

ಸತ್ಯ: ಬೇಕು. ಪಂಚಾಯತ್ ರಾಜ್ ಕಾಯ್ದೆಯ 64ನೇ ಕಲಂ ಹೊಸ ಕಟ್ಟಡದ ಜೊತೆಗೆ ಇರುವ ಕಟ್ಟಡದ ಬದಲಾವಣೆ, ಸೇರ್ಪಡೆಗಳಿಗೂ ಗ್ರಾಮ ಪಂಚಾಯಿತಿಯ ಅನುಮತಿ ಕೇಳುತ್ತದೆ. ಪಟ್ಟಣವಾದರೆ ನಗರಸಭೆ ಅಥವಾ ಪಾಲಿಕೆ, ಜೊತೆಗೆ ಯೋಜನಾ ಪ್ರಾಧಿಕಾರದ ನಿಯಮಗಳು.

ಕಾನೂನಿಗಿಂತ ಇಲ್ಲಿ ಗಟ್ಟಿಯಾದ ಕಾರಣ ಗೋಡೆಯದು. ನಮ್ಮ ಹಳೆಯ ಶಾಲೆಗಳಲ್ಲಿ ಬಹಳಷ್ಟು ಕಲ್ಲು ಅಥವಾ ಇಟ್ಟಿಗೆ ಗೋಡೆಯವು, ಮೇಲೆ ಮಂಗಳೂರು ಹಂಚು. ಅಲ್ಲಿ ಕಂಬ-ತೊಲೆಗಳ ಚೌಕಟ್ಟಿಲ್ಲ. ಚಾವಣಿಯ ಭಾರವನ್ನು ಗೋಡೆಯೇ ಹೊರುತ್ತದೆ. ಹಂಚಿನ ಭಾರಕ್ಕೆಂದು ಕಟ್ಟಿದ ಗೋಡೆಯ ಮೇಲೆ ಆರ್‌ಸಿಸಿ ಚಾವಣಿ, ಅದರ ಮೇಲೆ ಬೆಂಚು, ನಲವತ್ತು ಮಕ್ಕಳು ಎಂದರೆ ಲೆಕ್ಕವೇ ಬೇರೆ. ಸ್ಟ್ರಕ್ಚರಲ್ ಇಂಜಿನಿಯರ್ ಪಾಯದ ಪಕ್ಕ ಗುಂಡಿ ತೆಗೆಸಿ ಅದರ ಆಳ, ಅಗಲ ನೋಡುವುದು, ಕಾಂಕ್ರೀಟ್ ಇದ್ದರೆ ರಿಬೌಂಡ್ ಹ್ಯಾಮರ್‌ನಿಂದ ತಟ್ಟಿ ಅದರ ಗಟ್ಟಿತನ ಅಂದಾಜಿಸುವುದು ಇದೇ ಕಾರಣಕ್ಕೆ. ಮೇಲೆ ವಿದ್ಯುತ್ ತಂತಿ ಹಾದುಹೋಗಿದ್ದರೆ ಅದನ್ನೂ ನೋಡಬೇಕು: 11 ಕೆವಿ ತಂತಿಗೂ ಕಟ್ಟಡಕ್ಕೂ ನಡುವೆ ಅಡ್ಡಲಾಗಿ ಕನಿಷ್ಠ 1.2 ಮೀಟರ್, ಮೇಲಕ್ಕೆ 3.7 ಮೀಟರ್ ಅಂತರ ಇರಲೇಬೇಕು. ಒಂದು ಅಂತಸ್ತು ಏರಿದರೆ ಈ ಅಂತರ ಮಾಯವಾಗಬಹುದು.

ತಪ್ಪು ಕಲ್ಪನೆ 4: ಸುಣ್ಣ ಬಳಿಯಲೂ ಅನುಮತಿ ಬೇಕು, ಆದ್ದರಿಂದ ಯಾವುದಕ್ಕೂ ಕೈಹಾಕದಿರುವುದೇ ಲೇಸು.

ಸತ್ಯ: ಸುಣ್ಣಬಣ್ಣ, ಗಾರೆ, ನೆಲಹಾಸು, ಒಡೆದ ಹಂಚು ಬದಲಿಸುವಂಥ ದುರಸ್ತಿಗೆ ಸಾಮಾನ್ಯವಾಗಿ ಕಟ್ಟಡ ಪರವಾನಗಿ ಬೇಕಿಲ್ಲ. ಒಂದು ಮುಖ್ಯ ಅಪವಾದವೆಂದರೆ ರಕ್ಷಿತ ಸ್ಮಾರಕಗಳ ನೆರೆ. 1958ರ ಸ್ಮಾರಕ ಕಾಯ್ದೆಗೆ 2010ರಲ್ಲಿ ಆದ ತಿದ್ದುಪಡಿಯಂತೆ, ಕೇಂದ್ರದ ರಕ್ಷಣೆಯಲ್ಲಿರುವ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆ 200 ಮೀಟರ್ ನಿಯಂತ್ರಿತ ಪ್ರದೇಶ. ಬಾದಾಮಿ, ಶ್ರೀರಂಗಪಟ್ಟಣದಂಥ ಊರುಗಳಲ್ಲಿ ಈ ಗೆರೆಯೊಳಗೆ ಬರುವ ಶಾಲೆ ದುರಸ್ತಿಗೂ ಅರ್ಜಿ ಹಾಕಬೇಕಾಗುತ್ತದೆ. ಹಂಪಿಯ ಸುತ್ತ ಇದರ ಜೊತೆಗೆ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರವೂ ಇದೆ.

ತಪ್ಪು ಕಲ್ಪನೆ 5: ಹಳೆಯ ಕೋಣೆ ಬೀಳುವಂತಿದ್ದರೆ ಊರವರೇ ಕೆಡವಬಹುದು.

ಸತ್ಯ: ಸರ್ಕಾರಿ ಕಟ್ಟಡ ಸರ್ಕಾರದ ಆಸ್ತಿ. ಅದು ಬಳಕೆಗೆ ಯೋಗ್ಯವಲ್ಲವೆಂದು ಇಂಜಿನಿಯರ್ ವರದಿ ಕೊಡಬೇಕು, ಹಳೆಯ ಮರಮುಟ್ಟಿಗೆ ಬೆಲೆ ಕಟ್ಟಬೇಕು, ಮೇಲಧಿಕಾರಿಗಳ ಆದೇಶ ಬೇಕು, ತೊಲೆ-ಹಂಚುಗಳು ಹರಾಜಾಗಬೇಕು. ಕೋಣೆಯ ಪಕ್ಕದ ಮರ ಅಡ್ಡ ಬಂದರೆ 1976ರ ವೃಕ್ಷ ಸಂರಕ್ಷಣಾ ಕಾಯ್ದೆಯಡಿ ವೃಕ್ಷ ಅಧಿಕಾರಿಯ ಅನುಮತಿ ಬೇರೆ. ತೆಂಗು, ಅಡಿಕೆ, ನೀಲಗಿರಿಯಂಥ ಕೆಲವಕ್ಕೆ ವಿನಾಯಿತಿ ಇದೆ. ಹಾಗೆಂದು ಆದೇಶ ಬರುವ ತನಕ ಮಕ್ಕಳನ್ನು ಅಲ್ಲೇ ಕೂರಿಸಬೇಕೆಂದು ಯಾವ ನಿಯಮವೂ ಹೇಳುವುದಿಲ್ಲ. ಕೋಣೆಗೆ ಬೀಗ ಹಾಕಲು ಆ ದಿನವೇ ಸಾಕು. 2025ರ ಜುಲೈನಲ್ಲಿ ರಾಜಸ್ಥಾನದ ಝಾಲಾವಾಡ ಜಿಲ್ಲೆಯ ಪಿಪ್ಲೋದಿಯಲ್ಲಿ ಸರ್ಕಾರಿ ಶಾಲೆಯ ಕಟ್ಟಡ ಕುಸಿದು ಏಳು ಮಕ್ಕಳು ಸತ್ತದ್ದು ಮಕ್ಕಳು ಒಳಗಿದ್ದಾಗಲೇ.

ತಪ್ಪು ಕಲ್ಪನೆ 6: ಕೆಂಪು ಸಿಲಿಂಡರ್ ನೇತುಹಾಕಿದರೆ ಬೆಂಕಿಯ ಕಾಗದ ಸಿಕ್ಕಂತೆ.

ಸತ್ಯ: 2004ರ ಜುಲೈ 16ರಂದು ತಮಿಳುನಾಡಿನ ಕುಂಭಕೋಣದ ಶಾಲೆಯೊಂದರಲ್ಲಿ ಅಡುಗೆಮನೆಯ ಬೆಂಕಿ ಗರಿಯ ಚಾವಣಿಗೆ ಹಬ್ಬಿ 94 ಮಕ್ಕಳು ಬಲಿಯಾದರು. ಕಿರಿದಾದ ಮೆಟ್ಟಿಲು, ಸುಡುವ ಚಾವಣಿ ಅಲ್ಲಿನ ಸಾವಿಗೆ ಕಾರಣವಾದವು. ಈ ದುರಂತದ ಹಿನ್ನೆಲೆಯ ಪ್ರಕರಣದಲ್ಲಿ 2009ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್, ಕಟ್ಟಡ ರಾಷ್ಟ್ರೀಯ ಕಟ್ಟಡ ಸಂಹಿತೆಯಂತೆ ಸುರಕ್ಷಿತವಾಗಿದೆಯೆಂದು ಖಚಿತಪಡಿಸಿಕೊಂಡ ಮೇಲೆಯೇ ಶಾಲೆಗೆ ಮಾನ್ಯತೆ ಕೊಡಬೇಕೆಂದು ಆದೇಶಿಸಿತು. ಸಂಹಿತೆ ಮೊದಲು ನೋಡುವುದು ಹೊರದಾರಿಯನ್ನು: ಶಾಲೆಯ ಮೆಟ್ಟಿಲು ಒಂದೂವರೆ ಮೀಟರ್ ಅಗಲ ಇರಬೇಕು, ನಿರ್ಗಮನದ ಬಾಗಿಲು ಹೊರಕ್ಕೆ ತೆರೆಯಬೇಕು. ಸಿಲಿಂಡರನ್ನು ಯಾವಾಗ ಬೇಕಾದರೂ ಕೊಳ್ಳಬಹುದು, ಮೆಟ್ಟಿಲಿನ ಅಗಲ ಕೊಳ್ಳಲಾಗದು.

ತಪ್ಪು ಕಲ್ಪನೆ 7: ರ‍್ಯಾಂಪ್ ಕೊನೆಯಲ್ಲಿ ಎಲ್ಲಾದರೂ ಹಾಕಿದರಾಯಿತು.

ಸತ್ಯ: 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 44ನೇ ಕಲಂ ಪ್ರಕಾರ, ಸುಗಮ ಪ್ರವೇಶದ ನಿಯಮ ಪಾಲಿಸದ ನಕ್ಷೆಗೆ ಅನುಮತಿ ಇಲ್ಲ, ಅಂಥ ಕಟ್ಟಡಕ್ಕೆ ಪೂರ್ಣಗೊಂಡ ಪ್ರಮಾಣಪತ್ರವೂ ಇಲ್ಲ. ಇಳಿಜಾರಿನ ಪ್ರಮಾಣ 1:12. ಜಗಲಿ ಒಂದೂವರೆ ಅಡಿ ಎತ್ತರ ಇದ್ದರೆ ರ‍್ಯಾಂಪಿಗೆ ಹದಿನೆಂಟು ಅಡಿ ಉದ್ದ ಬೇಕು. ನಕ್ಷೆಯಲ್ಲಿ ಮೊದಲೇ ಆ ಜಾಗ ಬಿಡದಿದ್ದರೆ ಕೊನೆಗೆ ಆರಡಿಯಲ್ಲಿ ಕಡಿದಾಗಿ ಕಟ್ಟುತ್ತಾರೆ. ಅದರಲ್ಲಿ ಬೈಕ್ ಏರುತ್ತದೆ, ಗಾಲಿಕುರ್ಚಿ ಏರುವುದಿಲ್ಲ.

ತಪ್ಪು ಕಲ್ಪನೆ 8: ಮೊದಲು ಕಟ್ಟೋಣ, ಆಮೇಲೆ ಸಕ್ರಮ ಮಾಡಿಸಿಕೊಳ್ಳೋಣ.

ಸತ್ಯ: ಹೆಚ್ಚು ನಷ್ಟ ತಂದ ನಂಬಿಕೆ ಇದೇ. ನಗರಗಳ ಅಕ್ರಮ-ಸಕ್ರಮ ಯೋಜನೆಗೆ 2017ರ ಜನವರಿಯಲ್ಲೇ ಸುಪ್ರೀಂ ಕೋರ್ಟಿನ ತಡೆಯಾಜ್ಞೆ ಬಿತ್ತು. 2024ರ ಡಿಸೆಂಬರ್ 17ರ ತೀರ್ಪಿನಲ್ಲಿ ಅದೇ ಕೋರ್ಟ್, ಪೂರ್ಣಗೊಂಡ ಅಥವಾ ಸ್ವಾಧೀನಾನುಭವ ಪ್ರಮಾಣಪತ್ರ ಇಲ್ಲದೆ ವಿದ್ಯುತ್, ನೀರಿನ ಸಂಪರ್ಕ ಕೊಡಬಾರದೆಂದಿತು. ಕಟ್ಟಿ ಎಷ್ಟೋ ಕಾಲವಾಯಿತು, ಎಷ್ಟೋ ಹಣ ಸುರಿದಾಯಿತು ಎಂಬುದು ಅಕ್ರಮವನ್ನು ಸಕ್ರಮವಾಗಿಸದು ಎಂದೂ ಹೇಳಿತು. ಕೋಣೆ ಎದ್ದು ನಿಂತು, ಫ್ಯಾನು ತಿರುಗದೆ, ನಲ್ಲಿಯಲ್ಲಿ ನೀರು ಬಾರದೆ ಉಳಿಯುವ ಸಾಧ್ಯತೆ ಈಗ ನಿಜಕ್ಕೂ ಇದೆ.

ಇದರ ಜೊತೆಗೇ ಬೆಳೆದ ಇನ್ನೊಂದು ಆಸೆ, ಕೋಣೆ ಇದ್ದರೆ ಎಂಟನೇ ತರಗತಿ ತಾನಾಗಿ ಬರುತ್ತದೆಂಬುದು. ಕಟ್ಟಡದ ಅನುಮತಿ ಒಂದು ಕಡತ, ತರಗತಿ ಹೆಚ್ಚಿಸುವ ಶಿಕ್ಷಣ ಇಲಾಖೆಯ ಅನುಮತಿ ಇನ್ನೊಂದು. ಎರಡನೆಯದರಲ್ಲಿ ಮಕ್ಕಳ ಸಂಖ್ಯೆ, ಹತ್ತಿರದ ಪ್ರೌಢಶಾಲೆಯ ದೂರ, ಶಿಕ್ಷಕರ ಹುದ್ದೆ ಎಲ್ಲವೂ ಲೆಕ್ಕಕ್ಕೆ ಬರುತ್ತವೆ.

ಹಾಗಾದರೆ ಸಭೆಯಲ್ಲಿ ಮೊದಲು ಯಾವ ಮಾತು ಎತ್ತಬೇಕು? ಹಣದ ಮಾತಿಗೂ ಮುಂಚೆ ಪಹಣಿ ತರಿಸಿ ಯಾರ ಹೆಸರಿದೆ ನೋಡಿ. ಆಮೇಲೆ ಇಂಜಿನಿಯರ್‌ರನ್ನು ಕರೆಸಿ ಹಳೆಯ ಗೋಡೆ, ಮೇಲಿನ ತಂತಿ, ಪಕ್ಕದ ಮರ ಮೂರನ್ನೂ ತೋರಿಸಿ. ಮೆಟ್ಟಿಲು, ಬಾಗಿಲು, ರ‍್ಯಾಂಪ್ ಮೂರೂ ಇರುವ ನಕ್ಷೆ ಬರೆಸಿ. ಅದನ್ನು ಪಂಚಾಯಿತಿ ಅಥವಾ ಪಾಲಿಕೆಗೂ ಇಲಾಖೆಗೂ ಒಟ್ಟಿಗೇ ಕೊಟ್ಟು ಸ್ವೀಕೃತಿ ಪಡೆಯಿರಿ. ದಾನಿಗೂ ಇದೇ ಮಾತು ಹೇಳಿ: ಸಿಮೆಂಟಿನ ಲಾರಿ ಕಳಿಸುವ ಮುನ್ನ ಸರ್ವೆ, ಪರೀಕ್ಷೆ, ನಕ್ಷೆಯ ಖರ್ಚು ಕೊಡಿ. ಒಟ್ಟು ವೆಚ್ಚದಲ್ಲಿ ಅದು ಸಣ್ಣ ಪಾಲು. ನಕ್ಷೆಯ ಮೇಲೆ ಮೆಟ್ಟಿಲನ್ನು ಅಗಲ ಮಾಡಲು ಪೆನ್ಸಿಲ್ ಸಾಕು, ಕಟ್ಟಿದ ಮೇಲೆ ಅದಕ್ಕೇ ಜೆಸಿಬಿ ಬೇಕು.